ಚೂಪು ಕಿವಿಯ ವ್ಯಾಜ್ಯ

ಸ್ಪಾಕ್‌ನ ಕಿವಿ ಯಾರ ಸ್ವತ್ತು ಎಂಬ ವಿಷಯ ಒಮ್ಮೆ ಕೋರ್ಟಿನ ಮೆಟ್ಟಿಲು ಹತ್ತಿತ್ತು. ಸ್ಪಾಕ್ ಅಂದರೆ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಆ ವಲ್ಕನ್ ಅಧಿಕಾರಿ, ನಗುವುದಿಲ್ಲ, ಒಂದು ಹುಬ್ಬು ಮೇಲೇರಿಸುತ್ತಾನೆ, ತರ್ಕ ಬಿಟ್ಟು ಮಾತಾಡುವುದಿಲ್ಲ. ಅವನ ಕುಲದವರಿಗೆಲ್ಲ ಕಿವಿಯ ತುದಿ ಚೂಪು. 2016ರ ಮಾರ್ಚ್‌ನಲ್ಲಿ ಪ್ಯಾರಮೌಂಟ್ ಮತ್ತು ಸಿಬಿಎಸ್ ಕಂಪನಿಗಳು ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿಗೆ ತಿದ್ದಿ ಸಲ್ಲಿಸಿದ ದಾವೆಯಲ್ಲಿ ‘ಇವೆಲ್ಲ ನಮ್ಮವು, ಇವರು ಎತ್ತಿಕೊಂಡಿದ್ದಾರೆ’ ಎಂದು ಉದ್ದನೆಯ ಪಟ್ಟಿಯಿತ್ತು. ಆ ಚೂಪು ಕಿವಿ, ಅಧಿಕಾರಿಗಳ ಬಂಗಾರ ಬಣ್ಣದ ಅಂಗಿ, ನಿಂತಲ್ಲೇ ಕರಗಿಸಿ ಇನ್ನೊಂದೆಡೆ ಮೂಡಿಸುವ ಟ್ರಾನ್ಸ್‌ಪೋರ್ಟರ್, ಫೇಸರ್ ಎಂಬ ಆಯುಧ, ನೌಕೆಗಳ ಆಕಾರ, ಕ್ಲಿಂಗಾನ್ ಜನಾಂಗ, ಸಾಲದ್ದಕ್ಕೆ ಆ ಜನಾಂಗ ಆಡುವ ಭಾಷೆ.

ಎತ್ತಿಕೊಂಡವರು ಪ್ರತಿಸ್ಪರ್ಧಿ ಕಂಪನಿಯವರಲ್ಲ, ಅಭಿಮಾನಿಗಳು. ಬಾಲ್ಯದಿಂದ ಈ ಕಥೆಯನ್ನು ನೋಡಿ, ಅದರ ಒಂದೊಂದು ಗುಂಡಿ ಒಂದೊಂದು ಬಿಲ್ಲೆ ಎಲ್ಲಿರಬೇಕೆಂದು ಬಾಯಿಪಾಠ ಮಾಡಿಕೊಂಡವರು. ಸ್ಟಾರ್ ಟ್ರೆಕ್‌ನ 1969ರ ಒಂದು ಕಂತಿನಲ್ಲಿ ಗಾರ್ತ್ ಎಂಬ ಕಪ್ತಾನ ಬರುತ್ತಾನೆ. ಒಂದು ಕಾಲಕ್ಕೆ ಮಹಾವೀರ, ಈಗ ಬುದ್ಧಿ ಕೆಟ್ಟು ಬಂಧನದಲ್ಲಿರುವವನು. ಆಕ್ಸನಾರ್ ಎಂಬಲ್ಲಿ ಅವನು ಗೆದ್ದ ಯುದ್ಧದ ಬಗ್ಗೆ ಅಲ್ಲಿ ಒಂದೆರಡು ಮಾತು ಬಂದು ಹೋಗುತ್ತವೆ, ಅಷ್ಟೆ. ಆ ಒಂದೆರಡು ಮಾತಿನ ಹಿಂದೆ ಎಷ್ಟು ದೊಡ್ಡ ಕಥೆ ಇದ್ದಿರಬಹುದು ಎಂದು ಯೋಚಿಸುತ್ತ ಕೂತವರು ಆಲೆಕ್ ಪೀಟರ್ಸ್ ಮತ್ತು ಅವರ ಗೆಳೆಯರು. ಜನರಿಂದ ಚಂದಾ ಎತ್ತಿ 2014ರಲ್ಲಿ ‘ಪ್ರಿಲ್ಯೂಡ್ ಟು ಆಕ್ಸನಾರ್’ ಎಂಬ 21 ನಿಮಿಷದ ಚಿತ್ರ ಮಾಡಿದರು. ಯುದ್ಧ ಮುಗಿದು ವರ್ಷಗಳಾದ ಮೇಲೆ ಬದುಕುಳಿದ ಸೇನಾನಿಗಳು ಕ್ಯಾಮೆರಾ ಮುಂದೆ ಕೂತು ನೆನಪು ಹೇಳುವ ಸಾಕ್ಷ್ಯಚಿತ್ರದ ಧಾಟಿ. ರಿಚರ್ಡ್ ಹ್ಯಾಚ್, ಟೋನಿ ಟಾಡ್ ಅವರಂಥ ನುರಿತ ನಟರು ಅದರಲ್ಲಿದ್ದರು. ಅಭಿಮಾನಿಗಳ ಚಿತ್ರವೆಂದರೆ ರಟ್ಟಿನ ನೌಕೆ, ಹೊಲಿಗೆ ಬಿಟ್ಟ ಅಂಗಿ ಅಂದುಕೊಂಡು ನೋಡಲು ಕೂತರೆ ಬೆರಗಾಗಬೇಕು, ಹಾಗಿದೆ. ಅದನ್ನು ನೋಡಿದವರು ಪೂರ್ಣ ಪ್ರಮಾಣದ ಚಿತ್ರಕ್ಕೆಂದು ಮತ್ತೆ ಹಣ ಕೊಟ್ಟರು. ಒಟ್ಟು ಮೊತ್ತ 10 ಲಕ್ಷ ಡಾಲರ್ ದಾಟಿತು. 2015ರ ಡಿಸೆಂಬರ್ 29ರಂದು ದಾವೆ ಬಿತ್ತು.

ದಾವೆಯ ಒಳಹೊಕ್ಕು ನೋಡುವ ಮೊದಲು ಸ್ಟಾರ್ ಟ್ರೆಕ್‌ನ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಎಂಬತ್ತರ ದಶಕದಲ್ಲಿ ನಮ್ಮ ದೂರದರ್ಶನ ಇದನ್ನು ಭಾನುವಾರ ಬೆಳಿಗ್ಗೆ ತೋರಿಸುತ್ತಿದ್ದ ಕಾರಣ, ಆಗ ಹುಡುಗರಾಗಿದ್ದ ಎಷ್ಟೋ ಕನ್ನಡಿಗರಿಗೆ ಕಪ್ತಾನ ಕಿರ್ಕ್, ಸ್ಪಾಕ್ ಪರಿಚಿತರೇ. ಇಂಗ್ಲಿಷ್ ಪೂರಾ ಅರ್ಥವಾಗದಿದ್ದರೂ ಆ ಕಿವಿ ಅರ್ಥವಾಗುತ್ತಿತ್ತು. ಅಮೆರಿಕದಲ್ಲಿ ಇದು 1966ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ 1969ರ ಜೂನ್‌ಗೆ 79 ಕಂತುಗಳಲ್ಲಿ ನಿಂತುಹೋದ ಧಾರಾವಾಹಿ. ಅಲ್ಲಿಯ ಲೆಕ್ಕದಲ್ಲಿ ಸೋತದ್ದು. ಎರಡನೆಯ ವರ್ಷಕ್ಕೇ ಮುಚ್ಚುವ ಮಾತು ಬಂದಿತ್ತು. ಆಗ ಬಿಜೋ ಟ್ರಿಂಬಲ್ ಎಂಬ ಹೆಂಗಸು ಗಂಡ ಜಾನ್ ಜೊತೆ ಸೇರಿ ಒಂದು ಪತ್ರ ಚಳವಳಿ ಹೂಡಿದರು. ಕಾಗದ ಬರೆಯಿರಿ, ಕೈಯಿಂದ ಬರೆಯಿರಿ, ನಿಮ್ಮ ಪರಿಚಯದವರಿಗೂ ಹೇಳಿ ಬರೆಸಿ ಎಂದು ಊರೂರಿಗೆ ತಿಳಿಸಿದರು. ಎನ್‌ಬಿಸಿ ವಾಹಿನಿಗೆ ಲಕ್ಷಕ್ಕೂ ಮಿಕ್ಕಿ ಕಾಗದ ಬಂದು ಬಿದ್ದವು. 1968ರ ಮಾರ್ಚ್‌ನಲ್ಲಿ ವಾಹಿನಿ ತೆರೆಯ ಮೇಲೇ ‘ಧಾರಾವಾಹಿ ಮುಂದುವರಿಯುತ್ತದೆ’ ಎಂದು ಸಾರಬೇಕಾಯಿತು.

ಮೂರನೆಯ ವರ್ಷ ಹಾಗೆ ಸಿಕ್ಕಿದ್ದು. ಆ ಗಾರ್ತ್ ಕಪ್ತಾನನ ಕಂತು ಇದೆಯಲ್ಲ, ಅದು ಆ ಮೂರನೆಯ ವರ್ಷದ್ದು. ಅಭಿಮಾನಿಗಳು ಕಾಗದ ಬರೆಯದಿದ್ದರೆ ಗಾರ್ತ್ ಹುಟ್ಟುತ್ತಲೇ ಇರಲಿಲ್ಲ. ಈ ವ್ಯಾಜ್ಯದ ಬಗ್ಗೆ ಯೋಚಿಸುವಾಗೆಲ್ಲ ನನ್ನ ಮನಸ್ಸು ಈ ಸಂಗತಿಗೇ ಬಂದು ನಿಲ್ಲುತ್ತದೆ.

ಧಾರಾವಾಹಿ ನಿಂತ ಮೇಲೆ ಮೊದಲ ಸಿನಿಮಾ ಬರುವುದಕ್ಕೆ 1979 ಆಯಿತು. ನಡುವಿನ ಹತ್ತು ವರ್ಷ ಈ ಕಥೆಯನ್ನು ಸಾಕಿದವರು ಯಾರು? ಮರುಪ್ರಸಾರ ನೋಡಿದವರು, ಸೈಕ್ಲೋಸ್ಟೈಲ್ ಮಾಡಿದ ಕೈಪತ್ರಿಕೆಗಳಲ್ಲಿ ಹೊಸ ಕಥೆ ಬರೆದು ಹಂಚಿದವರು, 1972ರಿಂದ ನ್ಯೂಯಾರ್ಕಿನಲ್ಲಿ ಸಮ್ಮೇಳನ ಕೂಡಿಸಿದವರು. ಅಮೆರಿಕದ ಮೊದಲ ಬಾಹ್ಯಾಕಾಶ ಶಟಲ್‌ಗೆ ‘ಕಾನ್‌ಸ್ಟಿಟ್ಯೂಷನ್’ ಎಂದು ಹೆಸರಿಡುವ ಆಲೋಚನೆಯಿತ್ತು. 1976ರಲ್ಲಿ ಈ ಜನ ಅಧ್ಯಕ್ಷ ಫೋರ್ಡ್‌ಗೆ ಕಾಗದದ ಮಳೆ ಸುರಿಸಿ ಅದನ್ನು ತಮ್ಮ ಕಥೆಯ ನೌಕೆಯ ಹೆಸರಾದ ‘ಎಂಟರ್‌ಪ್ರೈಸ್’ ಮಾಡಿಸಿದರು. ಕಥೆಯ ಮಾಲೀಕರಿಗೆ ಅದರಲ್ಲಿ ದುಡ್ಡು ಕಾಣದಿದ್ದ ಕಾಲದಲ್ಲಿ ಅದನ್ನು ಎತ್ತಿ ಆಡಿಸಿದವರು ಇವರು. ಕಾನೂನಿನಲ್ಲಿ ಇದಕ್ಕೆ ಬೆಲೆಯಿಲ್ಲ. ಸಾಕಿದ್ದಕ್ಕೆ ಹಕ್ಕು ಬರುವುದಿಲ್ಲ, ಸರಿ. ಋಣವಂತೂ ಇದ್ದೇ ಇದೆ ಎಂಬುದು ನನ್ನ ಅಭಿಪ್ರಾಯ.

ಈ ಸಾಕಿದವರ ಸಾಲಿನಲ್ಲೇ ಜೇಮ್ಸ್ ಕಾಲಿ ಬರುತ್ತಾರೆ. ಎಲ್ವಿಸ್ ಪ್ರೆಸ್ಲಿಯ ವೇಷ ಹಾಕಿ ಹಾಡಿ ಸಂಪಾದಿಸುತ್ತಿದ್ದ ಮನುಷ್ಯ. ನ್ಯೂಯಾರ್ಕ್ ರಾಜ್ಯದ ಟೈಕಾಂಡರೋಗ ಎಂಬ ಸಣ್ಣ ಊರಿನ ಒಂದು ಕಟ್ಟಡದಲ್ಲಿ ಎಂಟರ್‌ಪ್ರೈಸ್ ನೌಕೆಯ ಒಳಾಂಗಣವನ್ನು, ಕಪ್ತಾನನ ಕುರ್ಚಿಯಿಂದ ಹಿಡಿದು ಮಿಣುಕುವ ದೀಪಗಳವರೆಗೆ, ಮೂಲದ ಅಳತೆಯಲ್ಲೇ ಕಟ್ಟಿದರು. 2004ರಿಂದ ‘ನ್ಯೂ ವಾಯೇಜಸ್’ ಎಂಬ ಹೆಸರಿನಲ್ಲಿ ಹೊಸ ಕಂತುಗಳು ತಯಾರಾದವು. ಮೂಲದಲ್ಲಿ ಚೆಕಾವ್ ಆಗಿದ್ದ ವಾಲ್ಟರ್ ಕೋನಿಗ್ ಬಂದು ಮತ್ತೆ ಚೆಕಾವ್ ಆದರು. 2007ರ ‘ವರ್ಲ್ಡ್ ಎನಫ್ ಅಂಡ್ ಟೈಮ್’ ಕಂತಿನಲ್ಲಿ ಜಾರ್ಜ್ ಟಾಕೇ ತಮ್ಮ ಹಳೆಯ ಸುಲು ಪಾತ್ರಕ್ಕೆ ಮರಳಿದರು. ಯಾವುದೋ ಅನ್ಯಗ್ರಹದಲ್ಲಿ ಮೂವತ್ತು ವರ್ಷ ಸಿಕ್ಕಿಬಿದ್ದು ಮುದುಕನಾಗಿ, ಜೊತೆಗೊಬ್ಬ ಮಗಳನ್ನು ಕರೆದುಕೊಂಡು, ಸಹೋದ್ಯೋಗಿಗಳ ಪಾಲಿಗೆ ಮಾತ್ರ ಕೆಲವೇ ನಿಮಿಷಗಳಾಗಿರುವ ನೌಕೆಗೆ ಮರಳುವ ಸುಲು. ಮೂಲ ಧಾರಾವಾಹಿಯಲ್ಲಿ ಹೆಚ್ಚಾಗಿ ನೌಕೆ ನಡೆಸುತ್ತ ಕೂರುವುದೇ ಆ ಪಾತ್ರದ ಕೆಲಸವಾಗಿತ್ತು. ನಟನ ಎಪ್ಪತ್ತರ ವಯಸ್ಸಿನಲ್ಲಿ ಅಭಿಮಾನಿಗಳು ಅವರಿಗೊಂದು ಪೂರ್ತಿ ಕಥೆ ಕೊಟ್ಟರು. ವಿಜ್ಞಾನಕಥೆಗಳ ಹ್ಯೂಗೊ ಪ್ರಶಸ್ತಿಯ ಅಂತಿಮ ಪಟ್ಟಿಗೆ ಆ ಕಂತು ಹೋಯಿತು.

ಇದೆಲ್ಲ ಮಾಲೀಕರಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ದುಡ್ಡು ಮಾಡಿಕೊಳ್ಳಬೇಡಿ, ಮಿಕ್ಕಿದ್ದು ನಾವು ನೋಡಲಿಲ್ಲ ಎಂಬ ಒಂದು ಬಾಯಿಮಾತಿನ ಏರ್ಪಾಡು ವರ್ಷಗಟ್ಟಲೆ ನಡೆದುಬಂತು. ಕೇಳಲು ಉದಾರವಾಗಿದೆ. ಆದರೆ ಗಡಿ ಎಲ್ಲಿದೆ ಎಂದು ಯಾರೂ ಹೇಳದಿದ್ದಾಗ ಒಬ್ಬರು ಹತ್ತು ಹೆಜ್ಜೆ ಹೋಗುತ್ತಾರೆ, ಇನ್ನೊಬ್ಬರು ಅವರನ್ನು ನೋಡಿ ಹನ್ನೊಂದನೆಯದನ್ನು ಇಡುತ್ತಾರೆ. ಆಕ್ಸನಾರ್ ತಂಡ ಇಟ್ಟದ್ದು ಹನ್ನೊಂದಲ್ಲ, ಬಹಳ ಮುಂದಿನದು. ಚಂದಾ ಹಣದಲ್ಲಿ ಗೋದಾಮು ಬಾಡಿಗೆಗೆ ಹಿಡಿದು ಸ್ಟುಡಿಯೊ ಮಾಡಿದರು. ಆಕ್ಸನಾರ್ ಹೆಸರಿನ ಕಾಫಿ ಪುಡಿಯೂ ಬಂತು. ತಾವು ಮಾಡುತ್ತಿರುವುದು ಬರೀ ಅಭಿಮಾನಿ ಚಿತ್ರವಲ್ಲ, ಸ್ವತಂತ್ರ ವೃತ್ತಿಪರ ಸಿನಿಮಾ ಎಂಬ ಧಾಟಿಯ ಪ್ರಚಾರವೂ ನಡೆಯಿತು. ಇಲ್ಲಿ ನಾನು ಕಂಪನಿಗಳ ಪರ. ಇನ್ನೊಬ್ಬರ ಕಥೆಯನ್ನು ಪ್ರೀತಿಸಿ ಸಿನಿಮಾ ಮಾಡುವುದು ಒಂದು, ಆ ಪ್ರೀತಿಯ ಹೆಸರಿನಲ್ಲಿ ಬಂದ ಹಣದಿಂದ ತನ್ನದೊಂದು ಸಂಸ್ಥೆ ಕಟ್ಟಿಕೊಳ್ಳುವುದು ಇನ್ನೊಂದು. ಕೋಣೆಯಲ್ಲಿ ಕೂತು ಈ ಪಾತ್ರಗಳನ್ನು ಮೊದಲು ಬರೆದವರು, ವೇಷ ಹೊಲಿದವರು, ನೌಕೆಗೆ ಆಕಾರ ಕೊಟ್ಟವರು ಇದ್ದಾರಲ್ಲ, ಅವರ ಕೆಲಸಕ್ಕೂ ರಕ್ಷಣೆ ಬೇಕು.

ಕ್ಲಿಂಗಾನ್ ಭಾಷೆಯ ಸಂಗತಿ ಮಾತ್ರ ಬೇರೆ. ಮಾರ್ಕ್ ಓಕ್ರ್ಯಾಂಡ್ ಎಂಬ ಭಾಷಾವಿಜ್ಞಾನಿ 1984ರ ಮೂರನೆಯ ಸ್ಟಾರ್ ಟ್ರೆಕ್ ಚಿತ್ರಕ್ಕಾಗಿ ಇದಕ್ಕೆ ವ್ಯಾಕರಣ ಕಟ್ಟಿದರು, ಮರುವರ್ಷ ನಿಘಂಟೂ ಬಂತು. ಜನ ಕಲಿತರು, ಪತ್ರ ಬರೆದರು, ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕವನ್ನು ಅದಕ್ಕೆ ಅನುವಾದ ಮಾಡಿದರು. ಭಾಷೆಯೇ ತಮ್ಮ ಸ್ವತ್ತು ಎಂದು ದಾವೆಯಲ್ಲಿ ಕಂಡಾಗ ಕೃತಕ ಭಾಷೆಗಳನ್ನು ಕಟ್ಟುವವರ ಸಂಘವೊಂದು 2016ರ ಏಪ್ರಿಲ್‌ನಲ್ಲಿ ಕೋರ್ಟಿಗೆ ತನ್ನ ಅಹವಾಲು ತಂದಿತು. ನಿಘಂಟು ನಿಮ್ಮದಿರಬಹುದು, ಅದನ್ನು ಓದಿ ಕಲಿತು ನಾವು ಆಡುವ ಮಾತು ನಿಮ್ಮದು ಹೇಗಾದೀತು ಎಂಬುದು ಅದರ ತಿರುಳು. ಅಹವಾಲಿನ ನಡುನಡುವೆ ಕ್ಲಿಂಗಾನ್ ವಾಕ್ಯಗಳನ್ನೇ ಸೇರಿಸಿದ್ದರು. ಕೋರ್ಟು ಅದನ್ನು ಸ್ವೀಕರಿಸಲಿಲ್ಲ, ಪ್ರಶ್ನೆ ಇತ್ಯರ್ಥವಾಗದೆ ಹಾಗೆಯೇ ಉಳಿಯಿತು. ನನ್ನ ಮಟ್ಟಿಗೆ ಅಲ್ಲಿ ಅನುಮಾನವಿಲ್ಲ. ನಾಲ್ಕು ಜನ ಆಡತೊಡಗಿದ ಮೇಲೆ ಭಾಷೆ ಕಂಪನಿಯ ಕಪಾಟಿನಲ್ಲಿ ಇರುವ ವಸ್ತುವಲ್ಲ.

ಇನ್ನು ನ್ಯಾಯಾಧೀಶರ ತೀರ್ಮಾನ. ಗ್ಯಾರಿ ಕ್ಲಾಸ್ನರ್ 2017ರ ಜನವರಿ ಮೊದಲ ವಾರದಲ್ಲಿ ಕೊಟ್ಟ ಆದೇಶದಲ್ಲಿ ಆಕ್ಸನಾರ್ ತಂಡಕ್ಕೆ ‘ಫೇರ್ ಯೂಸ್’, ಅಂದರೆ ನ್ಯಾಯಯುತ ಬಳಕೆ ಎಂಬ ಗುರಾಣಿ ಸಿಗುವುದಿಲ್ಲ ಎಂದರು. ಅದಕ್ಕೆ ಅವರು ಎತ್ತಿ ತೋರಿಸಿದ ಸಂಗತಿಗಳಲ್ಲಿ ಒಂದು ಈ ಜನ ಮೂಲಕ್ಕೆ ಎಷ್ಟು ನಿಷ್ಠರಾಗಿದ್ದರು ಎಂಬುದೇ. ಪಾತ್ರ, ವೇಷ, ಕಾಲಗಣನೆ, ಯಾವುದರಲ್ಲೂ ಕೂದಲೆಳೆಯಷ್ಟು ತಪ್ಪಬಾರದು ಎಂದು ಅವರು ಪಟ್ಟ ಶ್ರಮವೇ ಅವರ ವಿರುದ್ಧ ಸಾಕ್ಷಿಯಾಯಿತು. ಸ್ವಲ್ಪ ಅಡ್ಡಾದಿಡ್ಡಿ ಮಾಡಿದ್ದರೆ ಬಚಾವಾಗುವ ದಾರಿಯಿತ್ತೇನೋ.

ಇದು ಆ ನ್ಯಾಯಾಧೀಶರೊಬ್ಬರ ಕಾಠಿಣ್ಯವಲ್ಲ, ಕಾನೂನಿನ ಹೆಣಿಗೆಯೇ ಹಾಗಿದೆ. ಅಮೆರಿಕದ ಸುಪ್ರೀಂ ಕೋರ್ಟು 1994ರಲ್ಲಿ, ‘ಓ ಪ್ರೆಟಿ ವುಮನ್’ ಹಾಡನ್ನು ಒಂದು ರ‍್ಯಾಪ್ ತಂಡ ಅಣಕ ಮಾಡಿದ ಮೊಕದ್ದಮೆಯಲ್ಲಿ, ಮೂಲವನ್ನು ಹಾಸ್ಯಮಾಡಿ ಟೀಕಿಸುವ ಅಣಕ ನ್ಯಾಯಯುತ ಬಳಕೆ ಆಗಬಹುದು ಎಂದಿತು. ಒಳ್ಳೆಯ ತೀರ್ಪು. ಅಣಕಿಸುವುದಕ್ಕೆ ಯಾವ ಮಾಲೀಕನೂ ತಾನಾಗಿ ಪರವಾನಗಿ ಕೊಡುವುದಿಲ್ಲ, ಆದ್ದರಿಂದ ಆ ಸ್ವಾತಂತ್ರ್ಯವನ್ನು ಕಾನೂನೇ ಕಾಯಬೇಕು. ಆದರೆ ಅದರ ಇನ್ನೊಂದು ಮಗ್ಗುಲು ನೋಡಿ. ಒಂದು ಕಥೆಯನ್ನು ಲೇವಡಿ ಮಾಡುವವನಿಗೆ ಕಾನೂನು ನೆರಳು ಕೊಡುತ್ತದೆ. ಅದನ್ನು ಎದೆಗೆ ಹಚ್ಚಿಕೊಂಡು, ಅದರ ಮಾತನ್ನು ಅದರ ರೀತಿಯಲ್ಲೇ ಮುಂದುವರಿಸುವವನು ಬಿಸಿಲಲ್ಲಿ ನಿಲ್ಲುತ್ತಾನೆ.

‘ಸ್ಟಾರ್ ವಾರ್ಸ್’ ಮಾಲೀಕರಾದ ಲೂಕಾಸ್‌ಫಿಲ್ಮ್ ಕೂಡ ಇದೇ ಮನೋಭಾವದಿಂದ ಶುರುಮಾಡಿದ್ದು. 1978ರಲ್ಲಿ ಎರ್ನಿ ಫಾಸೆಲಿಯಸ್ ಎಂಬವರು ‘ಹಾರ್ಡ್‌ವೇರ್ ವಾರ್ಸ್’ ಎಂಬ ಅಣಕು ಚಿತ್ರ ಮಾಡಿ, ಇಸ್ತ್ರಿಪೆಟ್ಟಿಗೆ, ಟೋಸ್ಟರ್‌ಗಳನ್ನು ಆಕಾಶನೌಕೆಗಳಾಗಿ ಹಾರಿಸಿದರು. ಜಾರ್ಜ್ ಲೂಕಾಸ್ ಅದನ್ನು ಮೆಚ್ಚಿಕೊಂಡರು. 2002ರಲ್ಲಿ ಕಂಪನಿ ಅಭಿಮಾನಿ ಚಿತ್ರಗಳಿಗಾಗಿ ತಾನೇ ಸ್ಪರ್ಧೆ ಏರ್ಪಡಿಸಿತು. ಅಣಕು ಮತ್ತು ಸಾಕ್ಷ್ಯಚಿತ್ರಗಳಿಗೆ ಮಾತ್ರ ಪ್ರವೇಶ. ನಮ್ಮ ಲೋಕದೊಳಗೆ ಗಂಭೀರವಾದ ಹೊಸ ಕಥೆ ಹೇಳುತ್ತೇವೆ ಎನ್ನುವವರಿಗೆ ಇಲ್ಲ. ಅದನ್ನೂ ಒಳಗೆ ಬಿಟ್ಟುಕೊಂಡದ್ದು 2007ರಲ್ಲಿ. ಐದು ವರ್ಷ ತಡವಾದರೂ ಬಿಟ್ಟುಕೊಂಡರು, ಅದೂ ಯಾರ ಮೇಲೂ ದಾವೆ ಹೂಡಿ ಬುದ್ಧಿ ಕಲಿಸಿದ ಮೇಲಲ್ಲ. ಈ ಕಾರಣಕ್ಕೆ ಲೂಕಾಸ್‌ಫಿಲ್ಮ್ ಬಗ್ಗೆ ನನಗೆ ಗೌರವ ಹೆಚ್ಚು.

ನಮ್ಮ ದೇಶದ ಕಾನೂನೂ ಈ ವಿಷಯದಲ್ಲಿ ಅದೇ ದಾರಿಯದು. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಯಾವುದಕ್ಕೆ ವಿನಾಯಿತಿ ಎಂದು ಪಟ್ಟಿ ಕೊಡುತ್ತದೆ. ಖಾಸಗಿ ಬಳಕೆ, ಅಧ್ಯಯನ, ವಿಮರ್ಶೆ, ಸುದ್ದಿ ವರದಿ ಎಂದೆಲ್ಲ ಇದೆ, ಅಭಿಮಾನಕ್ಕೆ ಕಲಮಿಲ್ಲ. ಕೇರಳದಲ್ಲಿ ನಡೆದ ಒಂದು ಮೊಕದ್ದಮೆ ಪ್ರಸಿದ್ಧ. ತೋಪ್ಪಿಲ್ ಭಾಸಿಯವರ ‘ನಿಙ್ಙಳೆನ್ನೆ ಕಮ್ಯೂನಿಸ್ಟಾಕ್ಕಿ’ ನಾಟಕಕ್ಕೆ ಸಿವಿಕ್ ಚಂದ್ರನ್ ಎಂಬ ಲೇಖಕರು ಪ್ರತಿನಾಟಕ ಬರೆದು, ಅದೇ ಪಾತ್ರಗಳನ್ನೇ ರಂಗಕ್ಕೆ ತಂದು ಕಟುವಾಗಿ ಪ್ರಶ್ನಿಸಿದರು. 1996ರಲ್ಲಿ ಕೇರಳ ಹೈಕೋರ್ಟು ಇದು ವಿಮರ್ಶೆ, ನಕಲಲ್ಲ ಎಂದು ಆ ಪ್ರತಿನಾಟಕವನ್ನು ಉಳಿಸಿತು. ಅಲ್ಲೂ ಗೆದ್ದವನು ಜಗಳ ತೆಗೆದವನು. ಅದೇ ನಾಟಕವನ್ನು ಮೆಚ್ಚಿ, ಮುಂದೇನಾಯಿತು ಎಂದು ಎರಡನೆಯ ಭಾಗ ಬರೆದಿದ್ದರೆ ಆತನಿಗೆ ಹೇಳಿಕೊಳ್ಳಲು ಏನಿರುತ್ತಿತ್ತು?

ಮೆಚ್ಚಿ ಮತ್ತೆ ಹೇಳುವುದು ನಮ್ಮಲ್ಲಿ ಕಾವ್ಯದ ರಾಜಮಾರ್ಗವಾಗಿತ್ತು ಎಂಬುದನ್ನು ಕನ್ನಡದ ಓದುಗರಿಗೆ ಹೇಳಬೇಕಾಗಿಲ್ಲ. ಹತ್ತನೆಯ ಶತಮಾನದ ಪಂಪ ವ್ಯಾಸರ ಭಾರತವನ್ನು ಎತ್ತಿಕೊಂಡು ಅರ್ಜುನನೊಂದಿಗೆ ತನ್ನ ದೊರೆ ಅರಿಕೇಸರಿಯನ್ನು ಸಮೀಕರಿಸಿದ. ಮಲೆನಾಡು ಕರಾವಳಿಯ ಯಕ್ಷಗಾನದಲ್ಲಿ ಒಂದೇ ಪ್ರಸಂಗಕ್ಕೆ ರಾತ್ರಿಗೊಂದು ಮಾತು ಹುಟ್ಟುತ್ತದೆ. ಆದರೆ ಹಾಗೆಂದು ಕೃತಿಸ್ವಾಮ್ಯವೇ ಬೇಡ ಎನ್ನುವ ವಾದ ನನ್ನದಲ್ಲ. ವ್ಯಾಸರ ಕಥೆಗೆ ಹೂಡಿಕೆ ಮಾಡಿದ ಕಂಪನಿ ಇರಲಿಲ್ಲ, ಸಂಬಳ ಕಾಯುವ ಸಾವಿರ ಜನ ಇರಲಿಲ್ಲ. ಇವತ್ತು ಇದ್ದಾರೆ.

ಕಂಪನಿ, ಕೋರ್ಟುಗಳ ಮಾತಿನ ನಡುವೆ ಮರೆತುಹೋಗುವುದು ಈ ಚಿತ್ರಗಳನ್ನು ಮಾಡುವವರ ಪಾಡು. ಅದಕ್ಕೆ ಮಿಸಿಸಿಪಿ ರಾಜ್ಯದ ಹುಡುಗರ ಕಥೆ ಹೇಳಬೇಕು. ಎಲ್ಲ ಅಭಿಮಾನಿ ಚಿತ್ರಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅದು. 1981ರಲ್ಲಿ ಸ್ಪೀಲ್‌ಬರ್ಗ್ ಅವರ ‘ರೈಡರ್ಸ್ ಆಫ್ ದ ಲಾಸ್ಟ್ ಆರ್ಕ್’ ಬಂತು. ಮರುವರ್ಷ ಕ್ರಿಸ್ ಸ್ಟ್ರಾಂಪೊಲೊಸ್, ಎರಿಕ್ ಜಾಲಾ ಎಂಬ ಇಬ್ಬರು ಶಾಲಾ ಹುಡುಗರು, ಆಮೇಲೆ ಜೇಸನ್ ಲ್ಯಾಂಬ್ ಎಂಬ ಮೂರನೆಯವನು, ಇಡೀ ಸಿನಿಮಾವನ್ನು ಶಾಟ್‌ನಿಂದ ಶಾಟ್‌ಗೆ ಹಾಗೆಯೇ ಮತ್ತೆ ತೆಗೆಯುತ್ತೇವೆಂದು ಹೊರಟರು. ಆಗಿನ್ನೂ ಆ ಚಿತ್ರದ ಕ್ಯಾಸೆಟ್ ಮಾರುಕಟ್ಟೆಗೆ ಬಂದಿರಲಿಲ್ಲ. ನೋಡಿದ್ದನ್ನು ನೆನಪಿಟ್ಟುಕೊಂಡು ಎರಿಕ್ ನೂರಾರು ಚಿತ್ರ ಬರೆದು ದೃಶ್ಯಗಳ ಕ್ರಮ ಕಟ್ಟಿದ. ಹುಟ್ಟುಹಬ್ಬಕ್ಕೆ ಸಿಕ್ಕುವ ಕಾಣಿಕೆ, ಕೈಖರ್ಚಿನ ಹಣ ಎಲ್ಲ ಹ್ಯಾಟಿಗೆ, ಚಾವಟಿಗೆ, ವೇಷಕ್ಕೆ ಹೋಯಿತು. ಬೇಸಿಗೆ ರಜೆ ಬಂದರೆ ಚಿತ್ರೀಕರಣ.

ನಾಯಕನನ್ನು ಅಟ್ಟಿಸಿಕೊಂಡು ಬರುವ ಆ ದೈತ್ಯ ಬಂಡೆ ಇದೆಯಲ್ಲ, ಅದನ್ನು ಹಲವು ಸಲ ಮಾಡಿ, ಹಲವು ಸಲ ಕೆಟ್ಟು, ಕೊನೆಗೆ ಫೈಬರ್‌ಗ್ಲಾಸಿನಲ್ಲಿ ಸಾಧಿಸಿದರು. ಕೋತಿಯ ಪಾತ್ರಕ್ಕೆ ಕೋತಿ ಸಿಗಲಿಲ್ಲ, ಮನೆಯ ನಾಯಿ ಮಾಡಿತು. ಮುಖ ಕರಗುವ ದೃಶ್ಯಕ್ಕೆ ಅಚ್ಚು ತೆಗೆಯಲು ಎರಿಕ್‌ನ ಮುಖಕ್ಕೆ ಪ್ಲಾಸ್ಟರ್ ಮೆತ್ತಿದರು. ಅದು ಕಟ್ಟಡ ಕೆಲಸದ ಜಾತಿಯ ಪ್ಲಾಸ್ಟರ್, ಬಿಸಿಯಾಗುತ್ತ ಗಟ್ಟಿಯಾಯಿತು, ಬಿಡಿಸಲು ಆಗಲಿಲ್ಲ. ಆಸ್ಪತ್ರೆಗೆ ಓಡಿಸಬೇಕಾಯಿತು. ರೆಪ್ಪೆಗೂದಲು ಹೋಯಿತು, ಹುಬ್ಬೂ ಅರ್ಧ ಹೋಯಿತು. ನೇಪಾಳದ ಹೆಂಡದಂಗಡಿಗೆ ಬೆಂಕಿ ಬೀಳುವ ದೃಶ್ಯವನ್ನು ಎರಿಕ್‌ನ ತಾಯಿಯ ಮನೆಯ ನೆಲಮಾಳಿಗೆಯಲ್ಲಿ ನಿಜವಾದ ಬೆಂಕಿ ಹಚ್ಚಿಯೇ ತೆಗೆದರು. ಗೊತ್ತಾದ ಮೇಲೆ ದೊಡ್ಡವರು ಕೆಲಸ ನಿಲ್ಲಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಒಬ್ಬ ದೊಡ್ಡವರನ್ನು ಮೇಲ್ವಿಚಾರಣೆಗೆ ಇಟ್ಟುಕೊಂಡು ಮತ್ತೆ ಶುರುಮಾಡಿದರು. ಮುಗಿಯುವ ಹೊತ್ತಿಗೆ 1989. ಸಿನಿಮಾದಲ್ಲಿ ನಾಯಕನ ದನಿ ಒಂದು ದೃಶ್ಯದಲ್ಲಿ ಎಳಸು, ಮುಂದಿನದರಲ್ಲಿ ಒಡೆದಿದೆ, ಮತ್ತೆ ಎಳಸು. ಏಳು ವರ್ಷದ ಬೆಳವಣಿಗೆ ಹಿಂದುಮುಂದಾಗಿ ತೆರೆಯ ಮೇಲೆ ಓಡಾಡುತ್ತದೆ. ವಿಮಾನದ ಒಂದು ದೃಶ್ಯ ಮಾತ್ರ ಕೈಗೆಟುಕಲಿಲ್ಲ, ಬಿಟ್ಟರು.

ಕ್ಯಾಸೆಟ್ ವರ್ಷಗಟ್ಟಲೆ ಹಾಗೇ ಇತ್ತು. 2002ರಲ್ಲಿ ಟೆಕ್ಸಸ್‌ನ ಆಸ್ಟಿನ್ ಊರಿನ ಒಂದು ಚಿತ್ರೋತ್ಸವದಲ್ಲಿ, ನಿರ್ದೇಶಕ ಈಲೈ ರಾತ್ ಕೊಟ್ಟ ಪ್ರತಿಯಿಂದ, ಸ್ವಲ್ಪ ಭಾಗ ತೋರಿಸಿದಾಗ ಜನ ಹುಚ್ಚೆದ್ದು ಹೋದರು. ಮರುವರ್ಷ ಪೂರ್ತಿ ಪ್ರದರ್ಶನವಾಯಿತು. ಸ್ಪೀಲ್‌ಬರ್ಗ್‌ಗೂ ಒಂದು ಪ್ರತಿ ಮುಟ್ಟಿತು. ಬೆಳೆದು ನಿಂತಿದ್ದ ಆ ಮೂವರಿಗೆ ಬಂದದ್ದು ವಕೀಲರ ನೋಟೀಸಲ್ಲ, ಸ್ಪೀಲ್‌ಬರ್ಗ್ ಮೆಚ್ಚಿ ಬರೆದ ಕಾಗದ. ಆಮೇಲೆ ಕರೆಸಿ ಭೇಟಿಯೂ ಆದರು. 2014ರಲ್ಲಿ, ನಡುವಯಸ್ಸು ಮುಟ್ಟಿದ್ದ ಗೆಳೆಯರು ಚಂದಾ ಎತ್ತಿ ಆ ವಿಮಾನದ ದೃಶ್ಯವನ್ನೂ ತೆಗೆದು ಮುಗಿಸಿದರು.

ಕಾನೂನಿನ ಕಣ್ಣಿನಲ್ಲಿ ಈ ಹುಡುಗರು ಮಾಡಿದ್ದು ಆಕ್ಸನಾರ್‌ಗಿಂತ ಹೆಚ್ಚಿನ ನಕಲು. ಆಕ್ಸನಾರ್‌ನಲ್ಲಿ ಕಥೆಯಾದರೂ ಹೊಸದು, ಇಲ್ಲಿ ಒಂದು ಶಾಟ್ ಕೂಡ ಸ್ವಂತದ್ದಲ್ಲ. ಆದರೂ ಇದನ್ನು ನೋಡಿದ ಯಾವ ಮನುಷ್ಯನಿಗೂ ಕಳವು ಎನ್ನಲು ಬಾಯಿ ಬರುವುದಿಲ್ಲ. ಮೂಲದ ಒಂದು ಟಿಕೆಟ್ಟೂ ಇದರಿಂದ ಕಡಿಮೆಯಾಗಲಿಲ್ಲ. ನಕಲು ಮಾಡುತ್ತಲೇ ಆ ಮಕ್ಕಳು ಬೆಳಕು, ಸಂಕಲನ, ವೇಷ, ಹಟ ಎಲ್ಲ ಕಲಿತರು. ಸಂಗೀತ ಕಲಿಯುವವನು ಗುರು ಹಾಡಿದ್ದನ್ನು ಹಾಗೆಯೇ ಹಾಡಿ ಕಲಿಯುವಂತೆ.

ನಮ್ಮ ನೆರೆಯಲ್ಲೂ ಇಂಥವರಿದ್ದಾರೆ. ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಮಾಲೆಗಾಂವ್ ಪವರ್‌ಲೂಮ್‌ಗಳ ಊರು. ವಿಡಿಯೊ ಪಾರ್ಲರ್ ನಡೆಸುತ್ತಿದ್ದ ಶೇಖ್ ನಾಸಿರ್ 2000ದ ಸುಮಾರಿಗೆ ಅಲ್ಲಿ ‘ಮಾಲೆಗಾಂವ್ ಕೆ ಶೋಲೆ’ ಮಾಡಿದರು. ಮಗ್ಗದ ಕೆಲಸಗಾರರೇ ನಟರು. ಕುದುರೆ ತರಲು ಹಣವಿಲ್ಲ, ಗಬ್ಬರ್‌ಸಿಂಗನ ಡಕಾಯಿತರು ಸೈಕಲ್ ತುಳಿದುಕೊಂಡು ಬಂದರು. ಅವರ ಮುಂದಿನ ಸೂಪರ್‌ಮ್ಯಾನ್ ಚಿತ್ರ ತಯಾರಾದ ಬಗೆಯನ್ನು ಫೈಜಾ ಅಹ್ಮದ್ ಖಾನ್ ‘ಸೂಪರ್‌ಮೆನ್ ಆಫ್ ಮಾಲೆಗಾಂವ್’ ಸಾಕ್ಷ್ಯಚಿತ್ರದಲ್ಲಿ ದಾಖಲಿಸಿದ್ದಾರೆ. ಎತ್ತಿನಗಾಡಿಯನ್ನೇ ಕ್ರೇನ್ ಮಾಡಿಕೊಂಡ ದೃಶ್ಯ ಅದರಲ್ಲಿದೆ, ಸಿಕ್ಕರೆ ಬಿಡಬೇಡಿ. ಮೂಲ ‘ಶೋಲೆ’ಯ ರಾಮಗಢ ನಮ್ಮ ರಾಮನಗರದ ಬಂಡೆಗಳ ನಡುವೆ ಕಟ್ಟಿದ ಊರು. ನಮ್ಮ ಬಂಡೆಗಳ ನಡುವೆ ಹುಟ್ಟಿದ ಗಬ್ಬರ್, ಮಗ್ಗದ ಊರಿಗೆ ಹೋಗಿ ಸೈಕಲ್ ಏರಿದ. 1975ರಲ್ಲಿ ಬಿಡುಗಡೆಯಾದ ಚಿತ್ರದ ಹಕ್ಕು ನಮ್ಮ ಕಾಯಿದೆಯಂತೆ 60 ವರ್ಷ, ಅಂದರೆ 2035ರ ಕೊನೆಯವರೆಗೆ ಇರುತ್ತದೆ. ಅದನ್ನೇ ಎತ್ತಿಕೊಂಡು ದೊಡ್ಡ ತಾರೆಯರನ್ನು ಹಾಕಿ ವ್ಯಾಪಾರೀ ಚಿತ್ರ ಮಾಡಿದ ರಾಮ್‌ಗೋಪಾಲ್ ವರ್ಮಾ ಮತ್ತು ಅವರ ನಿರ್ಮಾಪಕರಿಗೆ ದೆಹಲಿ ಹೈಕೋರ್ಟು 2015ರಲ್ಲಿ 10 ಲಕ್ಷ ರೂಪಾಯಿ ದಂಡ ಹಾಕಿತು. ಸರಿಯಾಗಿಯೇ ಹಾಕಿತು. ಮಾಲೆಗಾಂವ್‌ನ ಸೈಕಲ್ಲನ್ನೂ ಈ ಚಿತ್ರವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಅನ್ನುವುದಷ್ಟೇ ನನ್ನ ಮಾತು.

ಆಕ್ಸನಾರ್‌ಗೆ ಹಿಂತಿರುಗೋಣ. ದಾವೆ ನಡೆಯುತ್ತಿದ್ದಾಗಲೇ ಹೊಸ ಸ್ಟಾರ್ ಟ್ರೆಕ್ ಚಿತ್ರಗಳ ನಿರ್ದೇಶಕರಾದ ಜೆ.ಜೆ. ಏಬ್ರಮ್ಸ್ 2016ರ ಮೇ ತಿಂಗಳಲ್ಲಿ ಅಭಿಮಾನಿಗಳ ಸಭೆಯಲ್ಲಿ ಮೊಕದ್ದಮೆ ಕೊನೆಗೊಳ್ಳಲಿದೆ ಎಂದಿದ್ದರು. ಇನ್ನೊಬ್ಬ ನಿರ್ದೇಶಕ ಜಸ್ಟಿನ್ ಲಿನ್ ಇದು ತಮಗೆ ಸರಿಕಾಣುವುದಿಲ್ಲವೆಂದು ಬಹಿರಂಗವಾಗಿ ಹೇಳಿ, ಏಬ್ರಮ್ಸ್ ಜೊತೆ ಸೇರಿ ಸ್ಟುಡಿಯೊದವರಿಗೆ ತಿಳಿಹೇಳಲು ಪ್ರಯತ್ನಿಸಿದರು. ಆದರೂ ಮೊಕದ್ದಮೆ ನಡೆದೇ ನಡೆಯಿತು. ವಿಚಾರಣೆಗೆ ಇನ್ನೇನು ಕೆಲವು ದಿನ ಇದೆ ಎನ್ನುವಾಗ, 2017ರ ಜನವರಿ 20ರಂದು, ರಾಜಿಯಾಯಿತು. ತಾವು ಮೀರಬಾರದ ಗಡಿ ಮೀರಿದೆವು ಎಂದು ಆಕ್ಸನಾರ್‌ನವರು ಒಪ್ಪಿಕೊಂಡರು. ಕಥೆಯನ್ನು ಹದಿನೈದು ನಿಮಿಷದ ಎರಡು ಭಾಗಗಳಲ್ಲಿ, ಜಾಹೀರಾತಿಲ್ಲದೆ ಹೇಳಬಹುದು ಎಂದಾಯಿತು.

ಈ ರಾಜಿಯ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಅದಕ್ಕೂ ಮೊದಲೇ, 2016ರ ಜೂನ್‌ನಲ್ಲಿ, ಕಂಪನಿಗಳು ಎಲ್ಲ ಅಭಿಮಾನಿಗಳಿಗೂ ಹೊರಡಿಸಿದ ನಿಯಮಾವಳಿಯ ಬಗ್ಗೆ. ಚಿತ್ರ 15 ನಿಮಿಷ ಮೀರುವಂತಿಲ್ಲ, ಎರಡು ಭಾಗವಾದರೆ ಒಟ್ಟು 30. ಕಂತುಗಳ ಸರಣಿ ಮಾಡುವಂತಿಲ್ಲ. ಶೀರ್ಷಿಕೆಯಲ್ಲಿ ಸ್ಟಾರ್ ಟ್ರೆಕ್ ಎಂಬ ಹೆಸರು ಬಳಸುವಂತಿಲ್ಲ, ಅಭಿಮಾನಿಗಳ ತಯಾರಿಕೆ ಎಂದು ಅಡಿಯಲ್ಲಿ ಬರೆಯಬೇಕು. ಚಂದಾ 50,000 ಡಾಲರ್ ಮೀರಬಾರದು. ಅಂಗಡಿಯಲ್ಲಿ ಸಿಗುವ ವೇಷ, ಸಾಮಗ್ರಿಗಳಾದರೆ ಕಂಪನಿಯ ಅಧಿಕೃತ ಮಾಲನ್ನೇ ಕೊಳ್ಳಬೇಕು. ಮಾಡುವವರೆಲ್ಲ ಹವ್ಯಾಸಿಗಳಾಗಿರಬೇಕು, ಸಂಬಳ ಪಡೆಯಬಾರದು, ಹಿಂದೆ ಯಾವತ್ತಾದರೂ ಸ್ಟಾರ್ ಟ್ರೆಕ್‌ನಲ್ಲಿ ದುಡಿದವರು ಸೇರುವಂತಿಲ್ಲ.

ಹಣದ ಮಿತಿ ಒಪ್ಪಬಹುದು, ಸಂಬಳ ಬೇಡ ಎನ್ನುವುದೂ ಸರಿ. ನಿಯಮವೆಂದು ಬರೆದು ಕೊಟ್ಟದ್ದೇ ದೊಡ್ಡ ಉಪಕಾರ, ಅದನ್ನು ಹತ್ತು ವರ್ಷ ಮೊದಲೇ ಮಾಡಬೇಕಿತ್ತು. ಆದರೆ ಒಂದು ತಂಡ ಗಡಿ ಮೀರಿದ್ದಕ್ಕೆ ಗಡಿಯೊಳಗೆ ಇದ್ದವರ ಅಂಗಳವನ್ನೆಲ್ಲ ಕಿತ್ತುಕೊಂಡರೆ ಹೇಗೆ? ವರ್ಷಗಳಿಂದ ಸರಣಿ ಮಾಡಿಕೊಂಡು ಬಂದಿದ್ದವರು ಬಾಗಿಲು ಹಾಕಿದರು. ಕಾಲಿಯವರ ಟೈಕಾಂಡರೋಗ ಸೆಟ್ಟಿಗೆ ಸಿಬಿಎಸ್ ಪರವಾನಗಿ ಕೊಟ್ಟು ಪ್ರವಾಸಿಗಳ ತಾಣ ಮಾಡಿತು. ಕಪ್ತಾನ ಕಿರ್ಕ್ ಆಗಿದ್ದ ವಿಲಿಯಂ ಶಾಟ್ನರ್ ಅಲ್ಲಿಗೆ ಬಂದು ಅಭಿಮಾನಿಗಳನ್ನು ಭೇಟಿಯಾಗಿದ್ದಾರೆ. ಸೆಟ್ಟು ಉಳಿಯಿತು ಎಂಬುದು ನನಗೂ ಸಂತೋಷವೇ.

ಮಾಲೀಕರು ಮನಸ್ಸು ಮಾಡಿದರೆ ಎಷ್ಟು ಬೇಗ ಸರಿಪಡಿಸಬಹುದು ಎಂಬುದಕ್ಕೆ ಇತ್ತೀಚಿನ ಒಂದು ಪ್ರಸಂಗವಿದೆ. ಕ್ರಿಸ್ ಬೂಶಾರ್ಡ್ ಎಂಬ ಬ್ರಿಟಿಷ್ ನಿರ್ದೇಶಕರು 2009ರಲ್ಲಿ 3,000 ಪೌಂಡಿಗೂ ಕಡಿಮೆ ಹಣದಲ್ಲಿ ‘ದ ಹಂಟ್ ಫಾರ್ ಗಾಲಮ್’ ಎಂಬ ಲಾರ್ಡ್ ಆಫ್ ದ ರಿಂಗ್ಸ್ ಅಭಿಮಾನಿ ಚಿತ್ರ ಮಾಡಿ ಯೂಟ್ಯೂಬ್‌ನಲ್ಲಿ ಇಟ್ಟಿದ್ದರು. 2024ರ ಮೇ ತಿಂಗಳಲ್ಲಿ ವಾರ್ನರ್ ಬ್ರದರ್ಸ್ ಅದೇ ಹೆಸರಿನ ದೊಡ್ಡ ಸಿನಿಮಾ ಘೋಷಿಸಿತು. ಬೆನ್ನಿಗೇ ಹದಿನೈದು ವರ್ಷದಿಂದ ಯಾರಿಗೂ ಅಡ್ಡಿಯಾಗದೆ ಇದ್ದ ಆ ಪುಟ್ಟ ಚಿತ್ರ ಕೃತಿಸ್ವಾಮ್ಯದ ಹೆಸರಿನಲ್ಲಿ ತೆರೆಯಿಂದ ಮಾಯವಾಯಿತು. ನೋಡಿದವರು ಗಲಾಟೆ ಎಬ್ಬಿಸಿದರು. ಮರುದಿನವೇ ಚಿತ್ರ ವಾಪಸು ಬಂತು. ಒಂದು ದಿನದ ಕೆಲಸ.

ಸ್ಟಾರ್ ಟ್ರೆಕ್‌ನ ಮೂಲ ಕಂತುಗಳು ಅಮೆರಿಕದ ಕಾನೂನಿನಂತೆ ಸಾರ್ವಜನಿಕರ ಸ್ವತ್ತಾಗತೊಡಗುವುದು 2062ರ ಆರಂಭದಿಂದ. ಕಾಗದ ಬರೆದು ಆ ಕಥೆಯನ್ನು ಉಳಿಸಿದ ತಲೆಮಾರು ಅಷ್ಟು ದಿನ ಕಾಯಲಾರದು. ಹಾಗಾಗಿ ಕಾನೂನು ಬದಲಾಗಲಿ ಎಂದು ನಾನು ಕೇಳುತ್ತಿಲ್ಲ, ನಿಯಮಾವಳಿ ಬದಲಾಗಲಿ ಎನ್ನುತ್ತೇನೆ. ಸುಲು ಮುದುಕನಾಗಿ ಮರಳುವ ಆ ಕಂತು ಈಗಿನ ನಿಯಮದ ಪ್ರಕಾರ ಹುಟ್ಟಲಿಕ್ಕೇ ಸಾಧ್ಯವಿಲ್ಲ. ಅದು ಹದಿನೈದು ನಿಮಿಷದಲ್ಲಿ ಹಿಡಿಯುವ ಕಥೆಯಲ್ಲ, ಅದು ಒಂದು ಸರಣಿಯ ಭಾಗ, ಮೇಲಾಗಿ ಟಾಕೇ ಅದರಲ್ಲಿ ನಟಿಸುವಂತಿಲ್ಲ. ನಿಮಿಷದ ಲೆಕ್ಕ, ಸರಣಿಯ ಲೆಕ್ಕ ನಿಧಾನವಾಗಿ ಚರ್ಚೆಯಾಗಲಿ. ಹಳೆಯ ನಟರು, ಹಳೆಯ ಬರಹಗಾರರು ಅಭಿಮಾನಿಗಳ ಜೊತೆ ಸೇರಬಾರದು ಎಂಬ ನಿಯಮವನ್ನು ಮಾತ್ರ ಮೊದಲು ತೆಗೆಯಬೇಕು, ಅವರಿಗೆ ವಯಸ್ಸಾಗುತ್ತಿದೆ.